ಮೆರವಣಿಗೆ ಬಾರದ ಓಣಿ



ಇನ್ನಂಜೆಯ ನಮ್ಮ ಮನೆಯಿಂದ ಕಡಲಿನ ಕಡೆಗೆ ಮುಖ ಮಾಡಿ ಹೊರಟರೆ, ಬೆಳಗಿನ ತಂಪಿನಲ್ಲಿ ನಡೆದೇ ತಲುಪಬಹುದಾದಷ್ಟು ಸಮೀಪದಲ್ಲಿ, ಕಾಪುವಿನ ಉಳಿಯಾರಗೋಳಿಯಲ್ಲಿ ದಂಡತೀರ್ಥವೆಂಬ ಒಂದು ಕೆರೆಯಿದೆ. ಬಾಲಕರಾಗಿದ್ದಾಗ ಮಧ್ವಾಚಾರ್ಯರು ತಮ್ಮ ಕೈಯ ಕೋಲಿನಿಂದ ಈ ನೀರನ್ನು ಬರಮಾಡಿದರೆಂಬುದು ಐತಿಹ್ಯ. ವರ್ಷದ ಬಹುಭಾಗ ನಿಶ್ಶಬ್ದವಾಗಿರತಕ್ಕ ಈ ಕೆರೆಯ ದಂಡೆಯು ಎರಡು ವರ್ಷಕ್ಕೊಮ್ಮೆ, ಜನವರಿ 17ರ ನಡುರಾತ್ರಿ ಕಳೆದ ಮೇಲೆ, ದೀವಟಿಗೆ, ವಾದ್ಯ, ಕಾರುಗಳ ಸಾಲು ಇವುಗಳಿಂದ ತುಂಬಿಹೋಗುತ್ತದೆ. ಉಡುಪಿಯ ಕೃಷ್ಣಮಠದಲ್ಲಿ ಸರ್ವಜ್ಞಪೀಠವನ್ನೇರಬೇಕಾದ ಯತಿಗಳು ಇಲ್ಲಿ ಮಿಂದು, ಇಲ್ಲಿಂದ ಉಡುಪಿಯ ಜೋಡುಕಟ್ಟೆಗೆ ತೆರಳಿ, ಅಲ್ಲಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬಿಜಯಂಗೈಯುವರು. ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಪರ್ಯಾಯವನ್ನು, ಎಂದರೆ ಮಠಗಳ ಯತಿಗಳು ಸರದಿಯಂತೆ ನಡೆಸುವ ಕೃಷ್ಣಪೂಜೆಯನ್ನು, ಎರಡು ತಿಂಗಳಿಂದ ಎರಡು ವರ್ಷಕ್ಕೆ ವಿಸ್ತರಿಸಿದಂದಿನಿಂದ ನಡೆದುಬಂದ ಈ ಕ್ರಮವನ್ನು ನಮ್ಮ ಸೀಮೆಯ ಮಕ್ಕಳೂ ಬಲ್ಲರು. ಆದರೆ ಇಂದು ನಾನು ಹೇಳಹೊರಟಿರುವುದು ಪರ್ಯಾಯದ ವಿಷಯವನ್ನಲ್ಲ, ಪರ್ಯಾಯಕ್ಕೆ ಮುಂಚೆ ಆಗುವ ರಸ್ತೆ ದುರಸ್ತಿಯ ವಿಷಯವನ್ನು.

ಉಡುಪಿಯಲ್ಲಿ ಪರ್ಯಾಯದ ವರ್ಷ ಯಾವುದೆಂದು ತಿಳಿಯಲು ಪಂಚಾಂಗವನ್ನು ಬಿಡಿಸಬೇಕಾಗಿಲ್ಲ. ಡಿಸೆಂಬರಿನಲ್ಲಿ ಪೇಟೆಗೆ ಹೋಗಿ ಒಂದು ಸಲ ಉಸಿರೆಳೆದುಕೊಂಡರೆ ಸಾಕು, ಡಾಮರಿನ ವಾಸನೆಯೇ ಹೇಳುತ್ತದೆ. ಜೋಡುಕಟ್ಟೆಯಿಂದ ಹಿಡಿದು ಕವಿ ಮುದ್ದಣ ಮಾರ್ಗ, ತೆಂಕಪೇಟೆಗಳ ಮೂಲಕ ರಥಬೀದಿಯವರೆಗೆ ಹೊಂಡಗಳು ಮುಚ್ಚಲ್ಪಡುತ್ತವೆ, ಒಡೆದ ಚಪ್ಪಡಿಗಳು ಬದಲಾಗುತ್ತವೆ, ಉರಿಯದಿದ್ದ ದೀಪಗಳು ಉರಿಯುತ್ತವೆ. ವಾದಿರಾಜರು ಎರಡು ತಿಂಗಳ ಕ್ರಮವನ್ನು ಹಾಗೆಯೇ ಉಳಿಸಿದ್ದರೆ ನಮ್ಮ ರಸ್ತೆಗಳ ಯೋಗ ಹೇಗಿರುತ್ತಿತ್ತೋ ಎಂದು ಗುರುತಿನವರೊಬ್ಬರು ನಗೆಯಾಡಿದ್ದುಂಟು. ಇದನ್ನು ಆಕ್ಷೇಪವೆಂದು ತಿಳಿಯಬಾರದು. ನೆಂಟರು ಬರುವ ಮುನ್ನ ಅಂಗಳಕ್ಕೆ ಸೆಗಣಿ ಸಾರಿಸದ, ಚಾವಡಿಯ ಮೂಲೆಯ ಜೇಡನ ಬಲೆಯನ್ನು ತೆಗೆಯದ ಮನೆ ನಮ್ಮಲ್ಲಿ ಯಾವುದಿದೆ? ನಾಲ್ವರ ಕಣ್ಣಿಗೆ ಬೀಳುವುದನ್ನು ಮೊದಲು ಚೊಕ್ಕಟ ಮಾಡುವುದು ಗೃಹಸ್ಥನ ಸ್ವಭಾವ. ಪುರಸಭೆಯೆಂದರೆ ಹಲವು ಗೃಹಸ್ಥರು ಕೂಡಿದ ಒಂದು ದೊಡ್ಡ ಮನೆಯೇ ತಾನೆ! ಹಾಗಿದ್ದರೂ, ಮೆರವಣಿಗೆ ಎಂದೂ ಬಾರದ ಓಣಿಯ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಈ ದಾರಿಯ ಒಂದು ಭಾಗಕ್ಕೆ ಮುದ್ದಣನ ಹೆಸರಿರುವುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ವಿಷಾದ ಮಿಶ್ರಿತ ಸಂತೋಷವುಂಟಾಗುತ್ತದೆ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ, ತನ್ನ ಕೃತಿಗಳನ್ನು ತನ್ನದೆಂದು ಹೇಳಿಕೊಳ್ಳಲೂ ಅಳುಕಿ, 1901ರಲ್ಲಿ ಮೂವತ್ತೊಂದರ ಎಳೆಹರೆಯದಲ್ಲಿಯೇ ಕ್ಷಯರೋಗದಿಂದ ತೀರಿಕೊಂಡ ಆ ಮಹಾನುಭಾವನು, ಬದುಕಿದ್ದಾಗ ಎಂತಹ ಓಣಿಯ ಎಂತಹ ಬಾಡಿಗೆಯ ಕೋಣೆಯಲ್ಲಿ ಕುಳಿತು ಬರೆದಿರಬಹುದು! ಗಾಳಿ ಬೆಳಕುಗಳಿಲ್ಲದ ಮನೆಗಳಿಗೂ ಕ್ಷಯಕ್ಕೂ ಇರುವ ನಂಟನ್ನು ವೈದ್ಯರು ಆಗಲೇ ಅರಿತಿದ್ದರು. ಈಗ ಅವನ ಹೆಸರಿನ ಮಾರ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಸ್ತಬ್ಧಚಿತ್ರಗಳು ಸಾಗುತ್ತವೆ.

ಮೆರವಣಿಗೆ ಮತ್ತು ಓಣಿ ಎಂದ ಕೂಡಲೆ ಇಂದೂರಿನ ಒಂದು ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾರೆ. ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು, ಮೂಲತಃ ಸಸ್ಯಶಾಸ್ತ್ರಜ್ಞನು, ಮೊದಲ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಊರೂರು ಅಲೆದು, ಪಟ್ಟಣಗಳನ್ನು ಹೇಗೆ ಸುಧಾರಿಸಬಹುದೆಂದು ವರದಿಗಳನ್ನು ಬರೆದುಕೊಟ್ಟವನು. ಓಣಿಗಳನ್ನು ಕೆಡವಿ ನೇರವಾದ ಅಗಲ ರಸ್ತೆಗಳನ್ನು ಎಳೆಯುವುದೇ ಸುಧಾರಣೆಯೆಂದು ಇಂಜಿನಿಯರುಗಳು ನಂಬಿದ್ದ ಆ ದಿನಗಳಲ್ಲಿ, ಗೆಡ್ಡಿಸನು ಓಣಿಯನ್ನು ಉಳಿಸಿಕೊಂಡು, ಬಿದ್ದ ಒಂದೆರಡು ಮನೆಗಳ ಜಾಗವನ್ನು ಬಯಲು ಮಾಡಿ, ಅಲ್ಲೊಂದು ಗಿಡ ನೆಟ್ಟು, ಬಾವಿಯನ್ನು ಶುಚಿ ಮಾಡಿದರೆ ಬಹಳ ಕಡಿಮೆ ವೆಚ್ಚದಲ್ಲಿ ಕೆಲಸವಾದೀತೆಂದು ವಾದಿಸುತ್ತಿದ್ದನು. ಇಂದೂರಿನಲ್ಲಿ ಆಗ ಪ್ಲೇಗು. ಕೈಯಲ್ಲಿ ನಕ್ಷೆ ಹಿಡಿದು ತಿರುಗುವ ಈ ಬಿಳಿಗಡ್ಡದವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ, ಮನೆ ಕೆಡವಲು ಬಂದವನೆಂದು. ಅವನು ದೊರೆಯಿಂದ ಒಂದು ದಿನದ ಮಟ್ಟಿಗೆ ಅಧಿಕಾರವನ್ನು ಬೇಡಿ ಪಡೆದು, ದೀಪಾವಳಿಗೆ ಒಂದು ಮೆರವಣಿಗೆಯನ್ನು ಸಾರಿದನು. ಅದರ ದಾರಿ ಎಂದಿನ ರಾಜಬೀದಿಯಲ್ಲ. ಯಾವ ಕೇರಿಯವರು ತಮ್ಮ ಮನೆ ಬೀದಿಗಳನ್ನು ಹೆಚ್ಚು ಚೊಕ್ಕಟ ಮಾಡಿಕೊಂಡಿರುವರೋ ಆ ಕೇರಿಯ ಮೂಲಕ ಮೆರವಣಿಗೆ ಸಾಗುವುದೆಂದು ಡಂಗುರ ಹೊಡೆಯಿಸಿದನು. ಕೆಲವೇ ವಾರಗಳಲ್ಲಿ ಸಾವಿರಾರು ಗಾಡಿ ಕಸ ಊರಿನಿಂದ ಹೊರಬಿತ್ತು, ಸುಣ್ಣ ಬಳಿಯದ ಗೋಡೆ ಉಳಿಯಲಿಲ್ಲ. ಮೆರವಣಿಗೆಯಲ್ಲಿ ಕುದುರೆ ಆನೆಗಳ ಹಿಂದೆ ಪ್ಲೇಗಿನ ದೊಡ್ಡದೊಂದು ಇಲಿಯ ಬೊಂಬೆ ಬಂದಿತು; ಅದರ ಹಿಂದೆ, ಶುಭ್ರವಸ್ತ್ರ ಧರಿಸಿದ ಜಾಡಮಾಲಿಗಳು ಹೊಸ ಪೊರಕೆಗಳನ್ನು ಹಿಡಿದು, ಹೂಮಾಲೆ ಹಾಕಿಸಿಕೊಂಡು ನಡೆದರು. ಕೊನೆಯಲ್ಲಿ ಇಲಿಯನ್ನು ಸುಟ್ಟು, ಜನರಿಗೆ ತುಲಸಿಯ ಸಸಿಗಳನ್ನು ಹಂಚಿದರು.

ಗೆಡ್ಡಿಸನು ದಾರಿಯನ್ನು ಸರಿಪಡಿಸಿ ಮೆರವಣಿಗೆಯನ್ನು ಕರೆಯಲಿಲ್ಲ. ಮೆರವಣಿಗೆಯನ್ನೇ ಎಳೆದುಕೊಂಡು ಓಣಿಗೆ ಹೋದನು. ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಇಷ್ಟೇ.

ನಮ್ಮ ಕನ್ನಡನಾಡಿನಲ್ಲಿಯೂ ಪಟ್ಟಣಗಳ ಸುಧಾರಣೆಗೆ ಪ್ಲೇಗೇ ಪುರೋಹಿತನಾಯಿತು. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಕಾಲಿಟ್ಟ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ಎದ್ದವು. ಮೈಸೂರಿನಲ್ಲಿ 1903ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, ಚೌಕಗಳೂ ಸಾಲುಮರಗಳೂ ಉಳ್ಳ ಆ ಸುಂದರ ನಗರ ರೂಪುಗೊಂಡಿತು. ಆ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಕಿರುಗಲ್ಲಿ ಇರುತ್ತಿತ್ತು. ಕನ್ಸರ್ವೆನ್ಸಿ ಗಲ್ಲಿ ಎಂದು ಕರೆಯುತ್ತಿದ್ದರು. ಮನೆಯ ಮುಂದೆ ಗುಲ್‌ಮೊಹರ್, ಹಿಂದೆ ಈ ಗಲ್ಲಿ. ಮುಂದಿನಿಂದ ನೆಂಟರು, ಹಿಂದಿನಿಂದ ತಲೆಯ ಮೇಲೆ ಮಲದ ಬುಟ್ಟಿಯನ್ನು ಹೊರುವ ಮನುಷ್ಯರು. ಇಂಜಿನಿಯರನು ಎಷ್ಟು ಅಂದವಾಗಿ ನಕ್ಷೆ ಬಿಡಿಸಿದರೂ ಆ ಬುಟ್ಟಿಗೆ ಒಂದು ದಾರಿಯನ್ನು ಗೀಚಿಯೇ ತೀರಬೇಕಾಗಿತ್ತು.

ಇಲ್ಲಿ ನಮ್ಮ ಉಡುಪಿಯ ಮಾತನ್ನು ತುಸು ನಿಧಾನಿಸಿ ಹೇಳಬೇಕು. ಮದರಾಸು ಅಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1935ರಲ್ಲಿ, ಉಡುಪಿಗೆ ಪುರಸಭೆ ಬಂದಿತು. 1968ರಲ್ಲಿ, ವೈದ್ಯವೃತ್ತಿಯಲ್ಲಿದ್ದ, ಇನ್ನೂ ಮೂವತ್ತು ತುಂಬದ ವಿ. ಎಸ್. ಆಚಾರ್ಯರು ಅದರ ಅಧ್ಯಕ್ಷರಾದರು. ಆ ಅವಧಿಯಲ್ಲಿ ಉಡುಪಿ ಪುರಸಭೆಯು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಪುರಸಭೆಯೆಂಬ ಹೆಗ್ಗಳಿಕೆ ಇಂದಿಗೂ ಅದಕ್ಕಿದೆ. ಮುಂದೆ ದೇವರಾಜ ಅರಸರ ಸರಕಾರದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪನವರು ರಾಜ್ಯಕ್ಕೆಲ್ಲ ಈ ನಿಷೇಧವನ್ನು ತಂದರು. ಸಂಸತ್ತು ಕಾನೂನು ಮಾಡಿದುದು 1993ರಲ್ಲಿ. ನಾನು ಈ ಕಾರ್ಯವನ್ನು ಉಡುಪಿಯ ಸುಧಾರಣೆಗಳಲ್ಲೆಲ್ಲ ಶ್ರೇಷ್ಠವೆಂದು ಎಣಿಸುವುದಕ್ಕೆ ಕಾರಣವೊಂದಿದೆ. ಆ ಕೆಲಸಕ್ಕೆ ರಥಬೀದಿಯ ಕಡೆಯಿಂದ ನೋಡುವವನಿಗೆ ಕಾಣುವಂತಹ ಯಾವ ಗುರುತೂ ಇರಲಿಲ್ಲ. ಹೊಸ ಕಟ್ಟಡವೇಳಲಿಲ್ಲ, ಕಮಾನು ಕಟ್ಟಲಿಲ್ಲ. ಹಿತ್ತಿಲ ಕಡೆಯ ಬಾಗಿಲಿನಿಂದ ಬೆಳಗಿನ ಜಾವ ಬರುತ್ತಿದ್ದ ಒಬ್ಬ ಮನುಷ್ಯ ಬರುವುದು ನಿಂತಿತು, ಅಷ್ಟೇ. ಬಾರದಿರುವವನನ್ನು ಯಾರು ತಾನೇ ಗಮನಿಸುವರು?

ಆದರೆ ಬುಟ್ಟಿ ನಿಂತಿತೆಂದು ಮಲವು ಮಾಯವಾಗುವುದಿಲ್ಲವಷ್ಟೆ. ನಮ್ಮ ಕರಾವಳಿಯ ನೆಲ ಮುರಕಲ್ಲಿನ ನೆಲ. ಮೇಲೆ ಗಡುಸಾಗಿ ಕಂಡರೂ ಒಳಗೆಲ್ಲ ತೂತು ತೂತು, ಜೇನುಹುಟ್ಟಿನಂತೆ. ಮಳೆನೀರನ್ನು ಹೀರಿ ಮನೆಮನೆಯ ಬಾವಿಗೆ ತಲುಪಿಸುವ ಅದೇ ಗುಣವು ಪಾಯಿಖಾನೆಯ ಗುಂಡಿಯ ನೀರನ್ನೂ ಅಷ್ಟೇ ಔದಾರ್ಯದಿಂದ ಬಾವಿಗೆ ದಾಟಿಸುತ್ತದೆ. ಹತ್ತು ಸೆಂಟ್ಸ್ ಜಾಗದಲ್ಲಿ ಬಾವಿಯೂ ಗುಂಡಿಯೂ ಎದುರುಬದುರಾಗಿ ಇರಬೇಕಾಗಿ ಬಂದಾಗ ಒಳಚರಂಡಿ ಅನಿವಾರ್ಯವಾಯಿತು, ನಿಟ್ಟೂರಿನಲ್ಲಿ ಕೊಳಚೆ ಶುದ್ಧಿಯ ಘಟಕ ಬಂದಿತು. ಊರು ಬೆಳೆದ ವೇಗಕ್ಕೆ ಕೊಳವೆಗಳು ಬೆಳೆಯಲಿಲ್ಲ. ಪರಿಣಾಮವನ್ನು ತಿಳಿಯಬೇಕಾದರೆ ಇಂದ್ರಾಣಿಯನ್ನು ನೋಡಬೇಕು. ಮಣಿಪಾಲದ ಗುಡ್ಡದ ಮಗ್ಗುಲಲ್ಲಿ ಹುಟ್ಟಿ, ಇಂದ್ರಾಳಿ, ಕಲ್ಸಂಕಗಳನ್ನು ಹಾದು, ಕೊಡವೂರಿನ ಗದ್ದೆಬೈಲುಗಳಿಗೆ ನೀರುಣಿಸಿ, ಕಲ್ಮಾಡಿಯ ಕಡೆಗೆ ಹರಿದು ಕಡಲನ್ನು ಸೇರುವ ಈ ತೋಡನ್ನು ಹಿರಿಯರು ತೀರ್ಥವೆಂದು ಕರೆದರು. ಈಗ ಅದರ ದಂಡೆಯ ಬಾವಿಗಳ ನೀರನ್ನು ಕುಡಿಯುವ ಮಾತು ಹಾಗಿರಲಿ, ಬೇಸಗೆಯಲ್ಲಿ ಸಂಜೆ ಕಿಟಕಿ ತೆರೆಯಲು ದಂಡೆಯವರು ಹಿಂಜರಿಯುತ್ತಾರೆ. ತೀರ್ಥವೆಂಬ ಹೆಸರು ಮಾತ್ರ ಹಾಗೆಯೇ ಇದೆ.

2020ರ ಸೆಪ್ಟೆಂಬರ್ 20ರಂದು ಆ ತೋಡು ತನ್ನ ಅಸ್ತಿತ್ವವನ್ನು ನೆನಪಿಸಿತು. ರಾತ್ರಿಯಿಡೀ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ಕಲ್ಸಂಕ, ಗುಂಡಿಬೈಲು, ಬನ್ನಂಜೆ, ಕೃಷ್ಣಮಠದ ವಾಹನ ನಿಲ್ದಾಣ ಇವೆಲ್ಲ ಒಂದೇ ಕೆರೆಯಾಗಿ, ಪೇಟೆಯ ನಡುವೆ ದೋಣಿಗಳನ್ನು ತರಿಸಬೇಕಾಯಿತು. ಮಳೆ ಅಸಾಮಾನ್ಯವಾಗಿತ್ತೆಂಬುದು ದಿಟ. ಆದರೆ ಗುಂಡಿಬೈಲು ಎಂಬ ಹೆಸರಿನಲ್ಲಿ ಗುಂಡಿಯೂ ಇದೆ, ಬೈಲೂ ಇದೆ. ಹೆಸರಿಟ್ಟವರು ನೀರು ಎಲ್ಲಿ ನಿಲ್ಲುವುದೆಂದು ತಿಳಿದೇ ಇಟ್ಟಿದ್ದರು. ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಬೋಳುಗುಡ್ಡವಾಗಿದ್ದ ಆ ಎತ್ತರದ ಮೇಲೆ ಈಗ ಮಹಡಿಗಳೂ ಕಾಂಕ್ರೀಟೂ ಹರಡಿವೆ. ಅಲ್ಲಿ ಇಂಗಬೇಕಾಗಿದ್ದ ನೀರು ಇಳಿದು ಬರುತ್ತದೆ. ಕೆಳಗೆ ಅದಕ್ಕಿದ್ದ ಗದ್ದೆಗಳು ಸೈಟುಗಳಾಗಿವೆ. ಹಾಗಾದರೆ ಅದು ಎಲ್ಲಿಗೆ ಹೋಗಬೇಕು?

ಮೆರವಣಿಗೆ ಬಾರದ ಓಣಿಗೂ ತಪ್ಪದೆ ಬರುವ ಅತಿಥಿಯೆಂದರೆ ಈ ಮಳೆಯೇ. ಪರ್ಯಾಯಕ್ಕೆ ಜನವರಿ 18ರಂತೆ ಇದಕ್ಕೂ ಒಂದು ಅಂದಾಜಿನ ತಿಥಿಯಿದೆ: ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರಕ್ಕೆ, ಕೋಲಗಳು ನಿಂತು, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದರೊಳಗೆ ಹಿಂದಿನವರು ಊರಿನ ತೋಡುಗಳ ಹೂಳೆತ್ತಿ ಮುಗಿಸುತ್ತಿದ್ದರು. ಯಾವ ಮನೆಯವರು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಬಾಯಿಮಾತಿನಲ್ಲಿಯೇ ಗೊತ್ತಾಗಿತ್ತು. ಮಳೆ ಹಿಂದಾದ ಮೇಲೆ ಅದೇ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕಿ ಸುಗ್ಗಿಯ ಬೆಳೆಗೆ ನೀರು ನಿಲ್ಲಿಸುವರು. ಇದಕ್ಕೆ ಶಿಲಾನ್ಯಾಸವೂ ಇರಲಿಲ್ಲ, ಉದ್ಘಾಟನೆಯ ಕಲ್ಲೂ ಇರಲಿಲ್ಲ.

ಈಗಿನ ಕ್ರಮಕ್ಕೆ ಒಂದು ನಿದರ್ಶನ ಹೇಳುವೆ. ನನ್ನ ದೊಡ್ಡಮ್ಮನೊಬ್ಬರು ಜಿಲ್ಲೆಯ ಒಂದು ಪೇಟೆಯ ಓಣಿಯಲ್ಲಿದ್ದಾರೆ. ಊರಿನ ಹೆಸರು ಬೇಡ. ಆ ಓಣಿಯಂತಹ ಓಣಿಗಳು ಎಲ್ಲ ಪೇಟೆಗಳಲ್ಲಿಯೂ ಇರುವುದರಿಂದ ಹೆಸರಿನಿಂದ ವಿಶೇಷ ಪ್ರಯೋಜನವೂ ಇಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಜಗಲಿ, ಜಗಲಿಗೆ ಮೂರು ಮೆಟ್ಟಿಲು; ಎದುರು ಹನ್ನೆರಡಡಿ ಅಗಲದ ಓಣಿ. ಆ ಓಣಿಗೆ ಮೊದಲು ಜಲ್ಲಿ ಹಾಕಿ ಡಾಮರು ಮಾಡಿದರು. ಕೆಲವು ವರ್ಷಗಳ ಮೇಲೆ ಅದರ ಮೇಲೆ ಇನ್ನೊಂದು ಡಾಮರು. ಆಮೇಲೊಂದು ಮಾರ್ಚಿ ತಿಂಗಳಲ್ಲಿ, ಅನುದಾನ ಹಿಂದೆ ಹೋಗದಿರಲೆಂಬ ಆತುರದಲ್ಲಿ, ಆ ಎರಡರ ಮೇಲೆ ಕಾಂಕ್ರೀಟು. ಹಳೆಯದನ್ನು ಅಗೆದು ತೆಗೆಯುವ ಕೆಲಸ ಅಂದಾಜುಪಟ್ಟಿಯಲ್ಲಿ ಇರಲಿಲ್ಲವಂತೆ. ಒಂದೊಂದು ಪದರಕ್ಕೆ ಒಂದೊಂದು ಮೆಟ್ಟಿಲಿನಂತೆ ರಸ್ತೆ ಏರುತ್ತ ಬಂದು ಕೊನೆಗೆ ಜಗಲಿಯನ್ನೂ ಮೀರಿತು. ನಾನು ಹೋದಾಗ ಅವರು ಬಾಗಿಲಲ್ಲೇ ನಿಂತು ಹೇಳಿದರು: "ನೋಡು ಮಾರಾಯ, ಮೊದಲು ರಸ್ತೆಯಿಂದ ಮೆಟ್ಟಿಲು ಹತ್ತಿ ಮನೆಗೆ ಬರುವುದಿತ್ತು. ಈಗ ಮನೆಯಿಂದ ಮೆಟ್ಟಿಲು ಹತ್ತಿ ರಸ್ತೆಗೆ ಹೋಗುವುದು. ಎಂತ ಅಭಿವೃದ್ಧಿ ಅಂತ ನೀನೇ ಹೇಳು."

ಆ ವರ್ಷದ ಮೊದಲ ಮಳೆಗೆ ಓಣಿಯ ನೀರೆಲ್ಲ ಜಗಲಿಗೆ ಬಂದಿತು. ಅಡಿಕೆಯ ಹಾಳೆ, ಗೋಣಿಚೀಲ, ತೆಂಗಿನ ಸಿಪ್ಪೆ ಇವುಗಳಿಂದ ಅವರು ಬಾಗಿಲಿಗೊಂದು ಕಟ್ಟ ಹಾಕಿದರು. ನಾನು ಕುತೂಹಲದಿಂದ ಆ ಕಾಮಗಾರಿಯ ಕಾಗದಗಳನ್ನು ನೋಡಿದೆ. ಉದ್ದ, ಅಗಲ, ದಪ್ಪ ಎಲ್ಲವೂ ಮಾಪನ ಪುಸ್ತಕದಲ್ಲಿ ಬರೆದ ಪ್ರಕಾರವೇ ಇದ್ದವು. ಕಂತ್ರಾಟುದಾರನು ಒಂದು ಅಂಗುಲವನ್ನೂ ಕಳ್ಳತನ ಮಾಡಿರಲಿಲ್ಲ. ಆದರೆ ಆ ಪುಸ್ತಕದಲ್ಲಿ, ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುವುದು ಎಂದು ಬರೆಯುವುದಕ್ಕೆ ಒಂದು ಕಲಮೇ ಇಲ್ಲ. ಅದನ್ನು ಬಲ್ಲವರು ಆ ಜಗಲಿಯಲ್ಲಿ ಐವತ್ತು ಮಳೆಗಾಲ ಕುಳಿತಿದ್ದ ದೊಡ್ಡಮ್ಮ. ಅವರನ್ನು ಯಾರೂ ಕೇಳಲಿಲ್ಲ.

ಕೇಳಬೇಕೆಂಬ ವಿಧಿ ಎಲ್ಲಿಯಾದರೂ ಇದೆಯೆ? ಇಲ್ಲಿ ಒಂದು ವಿಚಿತ್ರವಿದೆ. ಇನ್ನಂಜೆಯಂತಹ ಗ್ರಾಮಪಂಚಾಯಿತಿಯಲ್ಲಿ ವಾರ್ಡುಸಭೆ, ಗ್ರಾಮಸಭೆಗಳು ಕಾನೂನಿನ ಪ್ರಕಾರ ನಡೆಯಲೇಬೇಕು. ಮತದಾರನಾದ ಯಾವನೇ ಆಗಲಿ ಎದ್ದು ನಿಂತು, ನಮ್ಮ ತೋಡಿನ ಮೋರಿ ಕಟ್ಟಿಹೋಗಿದೆ ಸ್ವಾಮಿ, ಎಂದು ಹೇಳಿ ಅದನ್ನು ನಡಾವಳಿಯಲ್ಲಿ ಬರೆಯಿಸಬಹುದು. ಊರು ಬೆಳೆದು ಪುರಸಭೆಯಾದರೆ ಆ ಹಕ್ಕು ಅಷ್ಟಕ್ಕೇ ನಿಂತುಬಿಡುತ್ತದೆ. ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮಾತ್ರ. ನಮ್ಮ ನೆರೆಯ ಕಾಪು, ಮಲ್ಲಾರು, ಉಳಿಯಾರಗೋಳಿ, ಈ ಮೂರು ಪಂಚಾಯಿತಿಗಳು ಸುಮಾರು ಹತ್ತು ವರ್ಷಗಳ ಹಿಂದೆ ಕೂಡಿ ಪುರಸಭೆಯಾದುವು. ದೀಪ, ರಸ್ತೆ, ಕಸದ ಗಾಡಿ ಇವುಗಳಲ್ಲಿ ಅಲ್ಲಿಯವರಿಗೆ ಲಾಭವಾಗಿರುವುದನ್ನು ಅಲ್ಲಗಳೆಯಲಾರೆ. ಆದರೆ ಗ್ರಾಮಸಭೆಯೆಂಬ ಒಂದು ಜಗಲಿಯನ್ನು ಅವರು ಕಳೆದುಕೊಂಡರು. ಹಳ್ಳಿಯಿಂದ ಪಟ್ಟಣಕ್ಕೆ ಬಡ್ತಿ ಹೊಂದಿದ ಪ್ರಜೆಗೆ ತೆರಿಗೆ ಹೆಚ್ಚಾಗಿ ಮಾತು ಕಡಿಮೆಯಾಗುವುದು ಯಾವ ನ್ಯಾಯವೋ ತಿಳಿಯದು. 1882ರಲ್ಲಿ ರಿಪ್ಪನ್ ಪ್ರಭುವು ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿದಾಗ, ಇದರಿಂದ ಆಡಳಿತ ಉತ್ತಮವಾಗುವುದೆಂಬುದಕ್ಕಿಂತ ಜನರಿಗೆ ರಾಜಕೀಯದ ಶಿಕ್ಷಣ ದೊರೆಯುವುದೇ ಮುಖ್ಯವೆಂದು ಎಣಿಸಿದ್ದನಂತೆ. ಪಾಠಶಾಲೆಯನ್ನು ಕಟ್ಟಿ ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸಿದರೆ ಹೇಗೆ?

ಗ್ರಾಮಸಭೆಗಳೆಲ್ಲ ಸೊಗಸಾಗಿ ನಡೆಯುತ್ತವೆಂದು ನಾನು ಹೇಳುತ್ತಿಲ್ಲ. ಅರ್ಧ ಕುರ್ಚಿಗಳು ಖಾಲಿಯಿರುವುದೂ, ಇಬ್ಬರ ಜಗಳದಲ್ಲಿ ಮಧ್ಯಾಹ್ನವೆಲ್ಲ ಕಳೆದುಹೋಗುವುದೂ ಉಂಟು. ನಮ್ಮ ಕಡೆ ಬೆಳಗಿನ ಹೊತ್ತು ಸಭೆ ಕರೆದರೆ ಹೆಂಗಸರು ಬರುವುದೇ ಇಲ್ಲ, ಬರಲಾರರು. ಅದು ಮಲ್ಲಿಗೆಯ ಹೊತ್ತು. ಶಂಕರಪುರ ಇನ್ನಂಜೆಗಳ ಮನೆಯಂಗಳಗಳಲ್ಲಿ ನಸುಕಿನಲ್ಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಂಟುನೂರು ಮೊಗ್ಗಿಗೊಂದು ಚೆಂಡು, ನಾಲ್ಕು ಚೆಂಡಿಗೊಂದು ಅಟ್ಟೆ ಎಂದು ಲೆಕ್ಕ ಹಾಕಿ, ಹೊತ್ತು ಮೀರುವುದರೊಳಗೆ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಓಣಿಯಲ್ಲಿ ಮೊಣಕಾಲು ನೀರು ನಿಂತ ದಿನ ಅಟ್ಟೆಗೆ ಹೇಳಿದ ದರ ಎಷ್ಟಿದ್ದರೇನು, ಹೂವು ಅಂಗಳದಲ್ಲೇ ಅರಳಿ ಹೋಗುತ್ತದೆ. ಸಭೆಯನ್ನು ಮೂರು ಗಂಟೆಗೆ ಇಟ್ಟುಕೊಂಡರೆ ಇದೇ ಹೆಂಗಸರು ಬಂದು, ಯಾವ ತಿರುವಿನಲ್ಲಿ ಎಷ್ಟು ನೀರು ಎಂದು ಬೊಟ್ಟು ಮಾಡಿ ತೋರಿಸುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೊಡ್ಡಮ್ಮನ ಓಣಿಯ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಅಲ್ಲಿಯವರು ಒಂದು ಸಂಜೆ ಅವರ ಜಗಲಿಯಲ್ಲಿಯೇ ಸೇರಿದರು. ಸಭೆಯೆಂದು ಅದಕ್ಕೆ ಹೆಸರಿರಲಿಲ್ಲ. ಚಹಾ, ನೀರುದೋಸೆ ಇದ್ದವು. ಹನ್ನೊಂದು ಮನೆಯವರು ಸಹಿ ಹಾಕಿ ಅರ್ಜಿ ಬರೆದರು, ವಾರ್ಡಿನ ಸದಸ್ಯರು ಅದನ್ನು ಒಯ್ದರು. ಅದು ಕ್ರಿಯಾಯೋಜನೆಗೆ ಸೇರಿ, ಟೆಂಡರಾಗಿ, ಓಣಿಯ ಒಂದು ಬದಿಯನ್ನು ಕತ್ತರಿಸಿ ಚರಂಡಿ ಮಾಡುವ ಹಂತಕ್ಕೆ ಬರಲು ಎರಡು ಮಳೆಗಾಲ ಹಿಡಿಯಿತು. ಕೆಲಸಕ್ಕೆ ಬಂದ ಮೇಸ್ತ್ರಿ ವಯಸ್ಸಾದವನು. ಅವನು ದಾರ ಹಿಡಿದು ಮಟ್ಟ ನೋಡುತ್ತಿದ್ದಾಗ ದೊಡ್ಡಮ್ಮ ಒಳಗಿನಿಂದ ಒಂದು ಕೊಡಪಾನ ನೀರು ತಂದು, ಏನೂ ಹೇಳದೆ, ಓಣಿಯ ಮೇಲ್ತುದಿಯಲ್ಲಿ ಹೊಯ್ದರು. ನೀರು ಮೊದಲು ಅತ್ತ ಹೋಗಿ, ಅಲ್ಲಿ ತಡೆದು, ಹಿಂದಿರುಗಿ, ದಾರ ಹಿಡಿದಿದ್ದ ಬದಿಯನ್ನು ಬಿಟ್ಟು ಎದುರು ಬದಿಯ ನೆಲ್ಲಿಮರದ ಬುಡದ ಕಡೆಗೆ ಮೆಲ್ಲನೆ ಹರಿಯಿತು. ಮೇಸ್ತ್ರಿ ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತನು. ಆಮೇಲೆ ಗೂಟವನ್ನು ಕಿತ್ತು, ದಾರವನ್ನು ಸುತ್ತಿಕೊಂಡು, "ಇನ್ನೊಂದು ಕೊಡಪಾನ ಇದೆಯಾ ಅಮ್ಮ?" ಎಂದು ಕೇಳಿದನು.